ಸೊಂಟ ಹಿಡಿದವರ ದಿನಚರಿ

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಸುತ್ತಿನ ಕಾಫಿ ತೋಟಗಳಲ್ಲಿ ವರ್ಷವನ್ನು ಕೆಲಸದಿಂದ ಎಣಿಸುತ್ತಾರೆ. ನವೆಂಬರ್ ಕೊನೆಗೆ ಅರೇಬಿಕಾ ಕುಯ್ಲು ಬಿರುಸಾಗುತ್ತದೆ. ಅದು ಕಣ ಸೇರುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಅದರ ಜೊತೆಗೇ ಏಣಿ ಹೊತ್ತು ಮೆಣಸು ಕುಯ್ಯಬೇಕು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪೈಪುಗಳನ್ನು ಇಳಿಜಾರಿನಲ್ಲಿ ಹೊತ್ತು ತಿರುಗಬೇಕು. ಆಮೇಲೆ ಕಾಫಿ ಗಿಡ ಸವರುವ ಕಸಿ, ನೆರಳುಮರದ ಕೊಂಬೆ ಕಡಿಯುವ ಮರಗಸಿ, ಗೊಬ್ಬರ, ಮಳೆ ಹಿಡಿಯುವ ಮೊದಲು ಬೋರ್ಡೋ ಸಿಂಪಡಣೆ, ಮಳೆಯ ನಡುನಡುವೆ ಚಿಗುರು ತೆಗೆಯುವುದು, ಕಳೆ. ಇಷ್ಟು ಕೆಲಸಗಳಲ್ಲಿ ಬೆನ್ನು ನೆಟ್ಟಗಿಟ್ಟುಕೊಂಡು ಮಾಡುವಂಥವು ಕೆಲವೇ ಕೆಲವು. ನಡುವಯಸ್ಸು ದಾಟಿದ ಆಳುಗಳೇ ಇರಲಿ, ಸಣ್ಣ ಬೆಳೆಗಾರರೇ ಇರಲಿ, ಸೊಂಟ ಹಿಡಿದಿದೆ ಎನ್ನದವರನ್ನು ಇಲ್ಲಿ ಹುಡುಕಬೇಕಾಗುತ್ತದೆ.

ಆದರೆ ಸೊಂಟನೋವಿನ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಕುರ್ಚಿಯಲ್ಲಿ ಕೂತವರಿಗಾಗಿ ಹೇಳಿದವು. ಕುರ್ಚಿಯ ಎತ್ತರ ಸರಿಮಾಡಿಕೊಳ್ಳಿ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ, ಕಂಪ್ಯೂಟರಿನ ಪರದೆ ಕಣ್ಣಿನ ಮಟ್ಟಕ್ಕಿರಲಿ ಎಂಬ ಮಾತುಗಳು ಬೆಂಗಳೂರಿನ ಕಚೇರಿಗೆ ಸರಿ. ಬೆಳಗಿನಿಂದ ಸಂಜೆಯವರೆಗೆ ಗಿಡದ ಬುಡದಲ್ಲಿ ಉದುರು ಹಣ್ಣು ಹೆಕ್ಕಿ, ಸಂಜೆ ಚೀಲವನ್ನು ತೂಕದ ಜಾಗಕ್ಕೆ ಹೊತ್ತು ತರುವ ಹೆಂಗಸಿಗೆ ಅವುಗಳಿಂದ ಏನೂ ದಕ್ಕುವುದಿಲ್ಲ. ದೀರ್ಘಕಾಲದ ಸೊಂಟನೋವಿನ ವಿಷಯದಲ್ಲಿ ಕಳೆದ ಕೆಲವು ದಶಕಗಳಲ್ಲಿ ತಿಳಿದುಬಂದಿರುವುದು ತುಂಬಾ ಇದೆ. ಅದನ್ನು ಮಲೆನಾಡಿನ ದಿನಚರಿಗೆ ಹೊಂದಿಸಿ ನೋಡುವುದು ಈ ಲೇಖನದ ಉದ್ದೇಶ. ಬದಲಾಗಬೇಕಾದ ಅಭ್ಯಾಸಗಳಲ್ಲಿ ಕೆಲವು ನೋವಿರುವವರ ಕೈಯಲ್ಲಿವೆ, ಕೆಲವು ಅವರ ಮನೆಯವರ ಕೈಯಲ್ಲಿ. ಉಳಿದವು ಕೆಲಸ ಹಂಚುವ ರೈಟರು, ಮೇಸ್ತ್ರಿ ಮತ್ತು ತೋಟದ ಮಾಲೀಕರ ಕೈಯಲ್ಲಿವೆ. ಈ ಮೂರನೆಯ ಪಾಲನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವಿತ್ತು. 2050ರ ಹೊತ್ತಿಗೆ ಅದು 84.3 ಕೋಟಿ ಆಗಬಹುದು. ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದ ನೋವನ್ನು ದೀರ್ಘಕಾಲದ್ದು ಎನ್ನುತ್ತಾರೆ. ಸೊಂಟನೋವಿನ ಹತ್ತು ಪ್ರಕರಣಗಳಲ್ಲಿ ಸುಮಾರು ಒಂಬತ್ತರಲ್ಲಿ ಇಂಥದೇ ಮೂಳೆಯಿಂದ, ಇಂಥದೇ ನರದಿಂದ ನೋವು ಬರುತ್ತಿದೆ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹಾಗೆಂದು ನೋವು ಸುಳ್ಳಲ್ಲ. ಸ್ನಾಯು, ಅಸ್ಥಿರಜ್ಜು, ಡಿಸ್ಕು, ನಿದ್ದೆ, ಚಿಂತೆ, ದಿನದ ದುಡಿಮೆ ಎಲ್ಲವೂ ಸೇರಿ ಅದು ಬೇರುಬಿಟ್ಟಿರುತ್ತದೆ. ಆದ್ದರಿಂದ ಒಂದೇ ಮಾತ್ರೆ, ಒಂದೇ ಆಸನ, ಒಂದೇ ಹಾಸಿಗೆಯಿಂದ ಅದು ಹೋಗುವುದಿಲ್ಲ.

ಇಲ್ಲಿ ಸ್ಕ್ಯಾನಿನ ಮಾತು ಬರುತ್ತದೆ. ಹಾಸನಕ್ಕೋ ಮಂಗಳೂರಿಗೋ ಹೋಗಿ ಎಂಆರ್‌ಐ ಮಾಡಿಸಿಕೊಂಡು ಬಂದವರು ಸೊಂಟದ ಮೂಳೆಗಳ ಎಲ್ 4, ಎಲ್ 5 ಎಂಬ ಎರಡು ಹೆಸರುಗಳನ್ನು ಮನೆದೇವರ ಹೆಸರಿನಷ್ಟು ಸಲೀಸಾಗಿ ಹೇಳುತ್ತಾರೆ. ಡಿಸ್ಕ್ ಉಬ್ಬಿದೆಯಂತೆ, ಸವೆದಿದೆಯಂತೆ, ಇನ್ನು ಬಗ್ಗುವ ಹಾಗಿಲ್ಲವಂತೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ, ಸೊಂಟನೋವೇ ಇಲ್ಲದ 3,110 ಜನರ ಸ್ಕ್ಯಾನುಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ವಯಸ್ಸಿನವರಲ್ಲೇ ಶೇ 37ರಷ್ಟು ಮಂದಿಯಲ್ಲಿ ಡಿಸ್ಕಿನ ಸವೆತ ಕಂಡಿತು. ಎಂಬತ್ತರವರಲ್ಲಿ ಶೇ 96. ಡಿಸ್ಕಿನ ಉಬ್ಬು ಇಪ್ಪತ್ತರಲ್ಲಿ ಶೇ 30, ಎಂಬತ್ತರಲ್ಲಿ ಶೇ 84. ಇವರ್‍ಯಾರಿಗೂ ನೋವಿರಲಿಲ್ಲ ಎಂಬುದನ್ನು ಮತ್ತೆ ಹೇಳಬೇಕು. ತಲೆಗೂದಲು ನೆರೆಯುವುದು ಹೇಗೋ ಡಿಸ್ಕು ಸವೆಯುವುದೂ ಹಾಗೆಯೇ. ಸ್ಕ್ಯಾನಿನ ಕಾಗದ ಓದಿ, ನನ್ನ ಸೊಂಟ ಮುಗಿಯಿತು ಎಂದು ಹೆದರಿ ಮೂಲೆ ಹಿಡಿದವರು ಆ ಹೆದರಿಕೆಯಿಂದಲೇ ಇನ್ನಷ್ಟು ಕುಗ್ಗುತ್ತಾರೆ. ಸ್ಕ್ಯಾನ್ ಬೇಕಾಗುವ ಸಂದರ್ಭಗಳಿವೆ, ಅವನ್ನು ಮುಂದೆ ಹೇಳುತ್ತೇನೆ. ಸುಮ್ಮನೆ ನೋಡಿಬಿಡೋಣ ಎಂದು ಸಾಲ ಮಾಡಿ ತೆಗೆಸುವ ಚಿತ್ರದಿಂದ ಮಾತ್ರ ಒಳಿತಿಗಿಂತ ಕೆಡುಕೇ ಹೆಚ್ಚು.

ಈ ಸೀಮೆಗೆ ನೇರವಾಗಿ ಮುಟ್ಟುವ ಸಂಶೋಧನೆ ನನ್ನ ಮಟ್ಟಿಗೆ ಬೆಳಗಿನ ಹೊತ್ತಿಗೆ ಸಂಬಂಧಿಸಿದ್ದು. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ನಮ್ಮ ಎತ್ತರ ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಹೆಚ್ಚಿರುವುದು ಅದಕ್ಕೇ. ಉಬ್ಬಿದ ಡಿಸ್ಕು ಬಿಗಿಯಾಗಿರುತ್ತದೆ, ಎದ್ದ ತಕ್ಷಣ ಬಗ್ಗಿದರೆ ಅದರ ಮೇಲೆಯೂ ಹಿಂಬದಿಯ ಅಸ್ಥಿರಜ್ಜುಗಳ ಮೇಲೆಯೂ ಬೀಳುವ ಸೆಳೆತ ಹೆಚ್ಚು. ಎದ್ದು ಓಡಾಡಿದ ಮೊದಲ ಒಂದು ಗಂಟೆಯಲ್ಲಿ ಆ ನೀರಿನ ದೊಡ್ಡ ಪಾಲು ಹಿಂದೆ ಸರಿಯುತ್ತದೆ. 1998ರಲ್ಲಿ ಅಮೆರಿಕದ ಸಂಶೋಧಕರು ಬಹುಕಾಲದಿಂದ ಸೊಂಟನೋವಿದ್ದ 85 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎದ್ದ ಮೇಲೆ ಎರಡು ಗಂಟೆ ಸೊಂಟ ಬಗ್ಗಿಸಬೇಡಿ ಎಂದು ಕಲಿಸಿದರು. ಅವರ ನೋವು ಇಳಿಯಿತು. ಇನ್ನೊಂದು ಗುಂಪಿಗೂ ಆಮೇಲೆ ಅದನ್ನೇ ಕಲಿಸಿದಾಗ ಅವರಿಗೂ ಗುಣ ಕಂಡಿತು. ಚಿಕ್ಕ ಅಧ್ಯಯನ, ನಡುವೆ ಬಿಟ್ಟುಹೋದವರೂ ಇದ್ದರು. ಆದರೂ ಒಂದು ರೂಪಾಯಿ ಖರ್ಚಿಲ್ಲದ, ಅಡ್ಡ ಪರಿಣಾಮವಿಲ್ಲದ ಉಪಾಯ ಇದು.

ಈಗ ನಮ್ಮ ಕಡೆಯ ಹೆಂಗಸರ ಬೆಳಗನ್ನು ನೋಡಿ. ಐದಕ್ಕೆ ಎದ್ದವರು ಮೊದಲು ಹಿಡಿಯುವುದು ಪೊರಕೆ. ಗಿಡ್ಡ ಪೊರಕೆಯಲ್ಲಿ ಬಗ್ಗಿ ಮನೆ, ಅಂಗಳ ಗುಡಿಸುತ್ತಾರೆ. ನೀರು ಹಾಕಿ ಸಾರಿಸಿ, ಬಗ್ಗಿಯೇ ರಂಗೋಲಿ ಎಳೆಯುತ್ತಾರೆ. ದನ ಇದ್ದರೆ ಕೊಟ್ಟಿಗೆಯ ಸೆಗಣಿ ಬಾಚಿ ಹಾಲು ಕರೆಯುವುದು. ರಾತ್ರಿಯ ಪಾತ್ರೆ ನೆಲದ ಮೇಲೆ ಕೂತು ತಿಕ್ಕುವುದು. ಹಂಡೆಗೆ ನೀರು ತುಂಬಿ ಒಲೆಗೆ ಸೌದೆ ಒಡ್ಡುವುದು. ಬಗ್ಗಬಾರದ ಆ ಎರಡು ಗಂಟೆಯೊಳಗೇ ದಿನದ ಅರ್ಧ ಬಗ್ಗಾಟ ಮುಗಿದಿರುತ್ತದೆ. ಎಂಟು ಗಂಟೆಗೆ ತೋಟದಲ್ಲಿ ಹಾಜರಿ. ಹೆಂಗಸರು ಹೀಗೆ ಬಗ್ಗಿ ದುಡಿಯುವ ಹೊತ್ತಿನಲ್ಲಿ ಗಂಡಸರು ಕಾಫಿ ಕುಡಿಯುತ್ತ ಕೂತಿರುತ್ತಾರೆ ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಇದಕ್ಕೆ ಪರಿಹಾರ ಕೆಲಸಗಳ ಸರದಿ ಬದಲಿಸುವುದು. ನಿಂತು ಮಾಡುವ ಕೆಲಸಗಳು ಮೊದಲು ಬರಲಿ. ಕಾಫಿ ಸೋಸುವುದು, ಕಟ್ಟೆಯ ಮೇಲೆ ರೊಟ್ಟಿ ತಟ್ಟುವುದು, ತರಕಾರಿ ಹೆಚ್ಚುವುದು, ಮಕ್ಕಳ ಬುತ್ತಿ ಕಟ್ಟುವುದು ಎಲ್ಲ ಮೊದಲಾಗಲಿ. ಪಾತ್ರೆ ರಾತ್ರಿಯೇ ತೊಳೆದಿಡಲಿ. ಗುಡಿಸುವುದು, ಸಾರಿಸುವುದು ಒಂದು ಗಂಟೆ ತಡವಾದರೆ ಲಕ್ಷ್ಮಿ ಮುನಿಸಿಕೊಳ್ಳುವುದಿಲ್ಲ. ಉದ್ದ ಕೋಲಿಗೆ ಕಟ್ಟಿದ ಕಡ್ಡಿಪೊರಕೆಯಿಂದ ನಿಂತೇ ಅಂಗಳ ಗುಡಿಸಬಹುದು. ಕೊಟ್ಟಿಗೆಗೂ ಉದ್ದ ಹಿಡಿಯ ಸಲಿಕೆ ಬರುತ್ತದೆ. ಆ ಒಂದು ಗಂಟೆ ಕೊಟ್ಟಿಗೆಯನ್ನು ಮನೆಯ ಬೇರೆಯವರು ನೋಡಿಕೊಳ್ಳಬಹುದು. ಅತ್ತೆ ಇದ್ದ ಮನೆಯಲ್ಲಿ ಸೊಸೆ ಒಬ್ಬಳೇ ಈ ಸರದಿ ಬದಲಿಸಲಾರಳು. ‘ಯಾಕವ್ವಾ, ಇಷ್ಟು ಹೊತ್ತಾದ್ರೂ ಬಾಗಿಲಿಗೆ ನೀರು ಹಾಕಿಲ್ಲ’ ಎಂಬ ಒಂದು ಮಾತು ಸಾಕು, ಅವಳು ಮತ್ತೆ ಪೊರಕೆ ಹಿಡಿಯುತ್ತಾಳೆ. ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯನ್ನೋ ಗಂಡನನ್ನೋ ಕರೆದುಕೊಂಡು ಹೋಗಿ ಅವರ ಕಿವಿಗೂ ಬೀಳುವ ಹಾಗೆ ಮಾಡುವುದು ಒಳ್ಳೆಯದು ಎಂದು ನನಗೆ ಅನಿಸುತ್ತದೆ.

ಇನ್ನು ತೋಟದ ಕೆಲಸ. ಭಾರ ಎತ್ತಿದಾಗ ಡಿಸ್ಕಿನೊಳಗೆ ಎಷ್ಟು ಒತ್ತಡ ಏರುತ್ತದೆ ಎಂದು ಸೂಜಿ ತೂರಿಸಿ ಅಳೆದಿದ್ದಾರೆ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಈ ಅಳತೆ ಶುರುಮಾಡಿದರು. ನಿಂತುಕೊಳ್ಳುವುದಕ್ಕಿಂತ ಕೂತಾಗ ಒತ್ತಡ ಹೆಚ್ಚು ಎಂದು ಅವರು ಹೇಳಿದ್ದನ್ನು 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಪ್ರಶ್ನಿಸಿದರು. ಒರಗಿ ಕೂತಾಗ ಒತ್ತಡ ಹೆಚ್ಚೇನೂ ಇಲ್ಲ ಎಂಬುದು ಇವರ ಅಳತೆ. ಬಗ್ಗಿ ಭಾರ ಎತ್ತುವುದರ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ವಿಲ್ಕೆಯವರ ಅಳತೆಯಲ್ಲಿ ಸುಮ್ಮನೆ ನಿಂತಾಗ 0.5 ಮೆಗಾಪಾಸ್ಕಲ್ ಇದ್ದ ಒತ್ತಡ, ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3 ಆಯಿತು. ಮೊಣಕಾಲು ಮಡಚಿ ಎತ್ತಿದಾಗ 1.7. ಅದೇ ಭಾರವನ್ನು ಎದೆಗೆ ಒತ್ತಿ ಹಿಡಿದು ನಿಂತರೆ 1.1, ಕೈ ಚಾಚಿ 60 ಸೆಂಟಿಮೀಟರ್ ದೂರ ಹಿಡಿದರೆ 1.8. ಹೆಚ್ಚಿನ ಕಷ್ಟ ನೆಲದಿಂದ ಎತ್ತುವುದರಲ್ಲಿದೆ, ಭಾರ ಮೈಯಿಂದ ದೂರ ಇರುವುದರಲ್ಲಿದೆ.

ಹಾಗಾದರೆ ಎಲ್ಲರಿಗೂ ಸರಿಯಾಗಿ ಎತ್ತುವುದನ್ನು ಕಲಿಸಿಬಿಟ್ಟರೆ ಆಯಿತಲ್ಲ ಎನಿಸಬಹುದು. ಅದನ್ನೂ ಮಾಡಿ ನೋಡಿದ್ದಾರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆ ಭಾರ ಎತ್ತುವ ವಿಧಾನದ ತರಬೇತಿಗಳನ್ನು ಪರಿಶೀಲಿಸಿತು. ಅದರ 2011ರ ವರದಿ, ತರಬೇತಿಯೊಂದರಿಂದಲೇ ಕೆಲಸಗಾರರ ಸೊಂಟನೋವು ತಪ್ಪುತ್ತದೆ ಎನ್ನಲು ಆಧಾರ ಸಿಗಲಿಲ್ಲ ಎಂದಿತು. ಕಾರಣ ಊಹಿಸುವುದು ಕಷ್ಟವಲ್ಲ. ಜಾರುವ ಇಳಿಜಾರಿನಲ್ಲಿ, ಹಿಂದಿನಿಂದ ಮೇಸ್ತ್ರಿ ‘ಬೇಗ, ಬೇಗ, ಪಿಕಪ್ ಬಂತು’ ಎಂದು ಕೂಗುವಾಗ ಯಾರೂ ಮೊಣಕಾಲು ಮಡಚಿ, ಉಸಿರು ಬಿಗಿಹಿಡಿದು ನಿಧಾನವಾಗಿ ಎತ್ತುವುದಿಲ್ಲ. ಕಲಿತ ವಿಧಾನ ಮೂರನೆಯ ಚೀಲಕ್ಕೆ ಮರೆತುಹೋಗುತ್ತದೆ. ನೆಲದಿಂದ ಎತ್ತುವ ಪ್ರಸಂಗವನ್ನೇ ಕಡಿಮೆ ಮಾಡಬೇಕು, ಚೀಲದ ಭಾರವನ್ನು ಇಳಿಸಬೇಕು.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ ಎಲ್ಲ ಅನುಕೂಲ ಇರುವಾಗಲೂ, ಎಂದರೆ ಭಾರ ಮೈಗೆ ಹತ್ತಿರವಿದ್ದು, ನಡು ತಿರುಚದೆ, ಸೊಂಟದ ಮಟ್ಟದ ಆಸುಪಾಸಿನಲ್ಲಿ ಎತ್ತುವಾಗಲೂ, ಒಬ್ಬರಿಗೆ 23 ಕಿಲೋ ಮಿತಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸು ವಯಸ್ಕ ಗಂಡಸಿಗೆ 55 ಕಿಲೋ ಎಂದಿತ್ತು. ಅದರ ಜೊತೆಗಿನ ಗರಿಷ್ಠ ಭಾರದ ಒಪ್ಪಂದಕ್ಕೆ ಭಾರತ 2010ರಲ್ಲಿ ಅನುಮೋದನೆ ನೀಡಿದೆ. ನಮ್ಮ ತೋಟಗಳಲ್ಲಿ ಹಣ್ಣಿನ ಚೀಲವೂ ಗೊಬ್ಬರದ ಚೀಲವೂ ಸಾಮಾನ್ಯವಾಗಿ 50 ಕಿಲೋ ಸುತ್ತ ಇರುತ್ತವೆ. 2018ರಿಂದ ಯೂರಿಯಾ ಚೀಲ 45 ಕಿಲೋಗೆ ಇಳಿದಿದೆ. ಅದು ಯೂರಿಯಾ ಬಳಕೆ ತಗ್ಗಿಸಲೆಂದು ಮಾಡಿದ ಬದಲಾವಣೆ, ಹೊರುವವರನ್ನು ನೆನೆದು ಮಾಡಿದ್ದಲ್ಲ. ಮನೆಯ ಗ್ಯಾಸ್ ಸಿಲಿಂಡರೂ ಒಳಗಿನ 14.2 ಕಿಲೋ ಅನಿಲ, ಕಬ್ಬಿಣ ಸೇರಿ 30 ಕಿಲೋ ಹತ್ತಿರ ಬರುತ್ತದೆ, ಅದನ್ನು ಎತ್ತುವ ಬದಲು ಉರುಳಿಸಿಕೊಂಡು ಹೋಗುವುದೇ ಸರಿ.

ತೋಟದಲ್ಲಿ ಏನು ಮಾಡಬಹುದು? ಗಿಡದ ಹತ್ತಿರ ಚೀಲವನ್ನು ಅರ್ಧವೇ ತುಂಬಿ ಎರಡು ಸಲ ಹೊರುವುದು ಒಂದು ದಾರಿ. ಕೇರಳದ, ಕಾಸರಗೋಡಿನ ಹಳೆಯ ಕಾಲುದಾರಿಗಳಲ್ಲಿ ತಲೆಹೊರೆಯವರಿಗೆಂದು ನಿಲ್ಲಿಸಿದ ಅತ್ತಾಣಿ ಕಲ್ಲುಗಳಿವೆ. ಎರಡು ಕಂಬದ ಮೇಲೆ ಒಂದು ಅಡ್ಡಗಲ್ಲು, ಅಷ್ಟೇ. ಹೊರೆಯನ್ನು ಯಾರ ಸಹಾಯವೂ ಇಲ್ಲದೆ ಅದರ ಮೇಲೆ ಇಳಿಸಿ, ದಣಿವಾರಿಸಿಕೊಂಡು, ಬಗ್ಗದೆಯೇ ಮತ್ತೆ ತಲೆಗೇರಿಸಬಹುದು. ಅಷ್ಟು ಹಿಂದಿನ ಜನ ಕಂಡುಕೊಂಡಿದ್ದ ಈ ಅನುಕೂಲ ಇಂದಿನ ತೋಟಗಳಲ್ಲಿ ಇಲ್ಲದಿರುವುದು ನನಗೆ ಬೇಸರ ತರುತ್ತದೆ. ತೋಟದ ದಾರಿಗಳು ಕೂಡುವ ಕಡೆ, ತೂಕದ ಜಾಗದಲ್ಲಿ, ಪಿಕಪ್ ನಿಲ್ಲುವಲ್ಲಿ ಎದೆಮಟ್ಟದ ಒಂದೊಂದು ಮರದ ಕಟ್ಟೆ ಹಾಕಿಸಿದರೆ ನೆಲದಿಂದ ಎತ್ತುವ ಕೆಲಸದಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಮರಗಸಿಯಲ್ಲಿ ಉರುಳಿದ ಸಿಲ್ವರ್ ಓಕಿನ ದಿಮ್ಮಿ ಸಾಕು. ತೂಕದ ಯಂತ್ರವನ್ನೂ ಅದೇ ಎತ್ತರಕ್ಕೆ ಇಡಬಹುದು.

ಉದುರು ಹಣ್ಣಿನ ಪ್ರಶ್ನೆ ಬೇರೆ. ಕಾಯಿಕೊರಕದ ಕಾಟ ತಡೆಯಲು ನೆಲಕ್ಕೆ ಬಿದ್ದ ಹಣ್ಣನ್ನು ಬಿಡುವ ಹಾಗಿಲ್ಲ, ಹೆಕ್ಕಲೇಬೇಕು. ಆ ಕೆಲಸ ಬಹುತೇಕ ಹೆಂಗಸರದು. ಕುಯ್ಯುವಾಗ ಗಿಡದ ಬುಡಕ್ಕೆ ಮ್ಯಾಟು ಅಥವಾ ಟಾರ್ಪಾಲು ಹಾಸಿದರೆ ಬಿದ್ದ ಹಣ್ಣು ಅದರ ಮೇಲೆಯೇ ಉಳಿಯುತ್ತದೆ, ಮಣ್ಣಿನಿಂದ ಒಂದೊಂದೇ ಹೆಕ್ಕುವುದು ತಪ್ಪುತ್ತದೆ. ಕೀಟ ಹತೋಟಿಗೆಂದು ಕಾಫಿ ಮಂಡಳಿಯವರು ಹೇಳುತ್ತ ಬಂದ ಈ ಕ್ರಮ ಸೊಂಟಕ್ಕೂ ಒಳ್ಳೆಯದು. ಬೆಳೆಗಾರರಿಗೆ ಮ್ಯಾಟಿನ ಬೆಲೆ ಲೆಕ್ಕ ಹಾಕುವಾಗ ಈ ಲಾಭವೂ ನೆನಪಿರಲಿ. ಮ್ಯಾಟು ಹಾಸಿದ ಮೇಲೂ ಉಳಿದ ಹಣ್ಣನ್ನು ಬಗ್ಗಿ ನಿಂತು ಹೆಕ್ಕುವ ಬದಲು ಕುಕ್ಕರಗಾಲಿನಲ್ಲೋ ಒಂದು ಮೊಣಕಾಲೂರಿಯೋ ಹೆಕ್ಕಿದರೆ, ಭಂಗಿಯನ್ನು ಆಗಾಗ ಬದಲಿಸುತ್ತಿದ್ದರೆ, ಹಗುರವೆನಿಸುತ್ತದೆ.

ಬಹಳ ಹೊತ್ತು ಬಗ್ಗಿದ್ದವರ ಬೆನ್ನಿನ ಅಸ್ಥಿರಜ್ಜುಗಳು ಸ್ವಲ್ಪ ಸ್ವಲ್ಪವೇ ಹಿಗ್ಗಿ ಸಡಿಲಾಗುತ್ತವೆ. ನೆಟ್ಟಗೆ ನಿಂತ ಕೂಡಲೇ ಅವು ಮೊದಲಿನಂತಾಗುವುದಿಲ್ಲ, ಸ್ವಲ್ಪ ಹೊತ್ತು ಬೇಕು. ಆ ನಡುವೆ ಬೆನ್ನಿಗೆ ಅವುಗಳ ಕಾವಲು ಕಡಿಮೆ. ನಮ್ಮಲ್ಲಿ ಆಗುವುದೇನು? ಇಡೀ ಮಧ್ಯಾಹ್ನ ಬಗ್ಗಿ ಹಣ್ಣು ಹೆಕ್ಕಿದವರು ಸೀಟಿ ಕೇಳಿದ ತಕ್ಷಣ ಎದ್ದು ಅದೇ ಉಸಿರಿನಲ್ಲಿ ಚೀಲ ಎತ್ತುತ್ತಾರೆ. ದೂರದಿಂದ ಜೀಪು ಓಡಿಸಿಕೊಂಡು ಬಂದವರು ಇಳಿದವರೇ ಗೊಬ್ಬರದ ಮೂಟೆಗೆ ಕೈ ಹಾಕುತ್ತಾರೆ. ಗುಂಡಿ ಬಿದ್ದ ರಸ್ತೆಯಲ್ಲಿ ವಾಹನದ ಕುಲುಕಾಟವೇ ಸೊಂಟನೋವಿಗೆ ಒಂದು ಕಾರಣವೆಂದು ಗುರುತಿಸಿದ್ದಾರೆ, ಅದರ ಮೇಲೆ ಇದು ಬೇರೆ. ನಡುವೆ ಐದು ನಿಮಿಷ ನೆಟ್ಟಗೆ ನಿಂತು, ಕೈಗಳನ್ನು ಸೊಂಟದ ಮೇಲಿಟ್ಟು ಹಿಂದಕ್ಕೆ ನಾಲ್ಕಾರು ಸಲ ಬಾಗಿ, ಸ್ವಲ್ಪ ಓಡಾಡಿ ಆಮೇಲೆ ಭಾರಕ್ಕೆ ಕೈ ಹಾಕಬೇಕು. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಆ ಐದು ನಿಮಿಷ ನಷ್ಟವೆನಿಸುವುದು ಸಹಜ. ಅದಕ್ಕೇ ಆ ಬಿಡುವನ್ನು ತೋಟದವರು ಎಲ್ಲರಿಗೂ ಒಟ್ಟಿಗೆ ಕೊಡಬೇಕು, ಹಾಗಾದರೆ ಯಾರೂ ಯಾರಿಗಿಂತಲೂ ಹಿಂದೆ ಬೀಳುವುದಿಲ್ಲ. ಒಬ್ಬರೇ ದಿನವಿಡೀ ಒಂದೇ ಕೆಲಸ ಮಾಡುವ ಬದಲು ಹೊತ್ತಿಗೊಂದು ಕೆಲಸ ಬದಲಿಸಿಕೊಡುವುದೂ ರೈಟರ ಕೈಯಲ್ಲಿದೆ. ಬೆಳಿಗ್ಗೆ ಹೆಕ್ಕಿದವರು ಮಧ್ಯಾಹ್ನ ನಿಂತು ಕುಯ್ಯಲಿ, ಕಣದಲ್ಲಿ ಕಾಫಿ ಎಳೆಯಲಿ. 2025ರ ಆರಂಭದಲ್ಲಿ ಕಾಫಿಯ ಬೆಲೆ ದಾಖಲೆಯ ಮಟ್ಟ ಮುಟ್ಟಿತ್ತು. ಅಂಥ ವರ್ಷಗಳಲ್ಲಿಯಾದರೂ ಈ ಸಣ್ಣ ಖರ್ಚುಗಳನ್ನು ಮುಂದಕ್ಕೆ ಹಾಕಬಾರದು.

ಇದು ದೊಡ್ಡ ಎಸ್ಟೇಟುಗಳಿಗೆ ಮಾತ್ರ ಹೇಳುವ ಮಾತಲ್ಲ. ದೇಶದ ಕಾಫಿ ಬೆಳೆಗಾರರಲ್ಲಿ ಶೇ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ತೋಟ ಇರುವವರು. ಎರಡು ಎಕರೆಯ ಮಾಲೀಕರೇ ಮೈಮುರಿದು ದುಡಿದು, ತಾವೇ ಚೀಲ ಹೊತ್ತು, ಕಳೆ ಕೊಚ್ಚುವ ಯಂತ್ರವನ್ನು ಹೆಗಲಿಗೆ ನೇತುಹಾಕಿಕೊಂಡು ಇಳಿಜಾರು ಸುತ್ತುತ್ತಾರೆ. ಯಂತ್ರದ ಪಟ್ಟಿಯನ್ನು ತಮ್ಮ ಮೈಗೆ ಹೊಂದಿಸಿಕೊಳ್ಳದೆ ಒಂದು ಹೆಗಲಿಗೇ ಹಾಕಿಕೊಂಡು ನಡು ತಿರುಚಿ ಕೆಲಸ ಮಾಡುವುದನ್ನು ಎಲ್ಲ ಕಡೆ ಕಾಣುತ್ತೇವೆ. ಎರಡೂ ಹೆಗಲಿನ ಪಟ್ಟಿ ಕಟ್ಟಿಕೊಳ್ಳಲು ಒಂದು ನಿಮಿಷ ಸಾಕು.

ನೋವು ಬಂದ ಮೇಲೆ ಏನು? ಹಿಂದೆಲ್ಲ ಮಲಗಿಸುತ್ತಿದ್ದರು, ಹಲಗೆಯ ಮೇಲೆ ವಾರಗಟ್ಟಲೆ. ಹೆಲ್ಸಿಂಕಿಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಸದಾಗಿ ಸೊಂಟ ಹಿಡಿದವರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪು ಎರಡು ದಿನ ಹಾಸಿಗೆ ಹಿಡಿಯಿತು, ಇನ್ನೊಂದು ಬೆನ್ನಿನ ವ್ಯಾಯಾಮ ಮಾಡಿತು, ಮೂರನೆಯದು ನೋವು ಬಿಟ್ಟಷ್ಟು ಮಟ್ಟಿಗೆ ಎಂದಿನ ಕೆಲಸ ಮುಂದುವರಿಸಿತು. ಚೆನ್ನಾಗಿ ಚೇತರಿಸಿದವರು ಮೂರನೆಯವರು. ಎಂದಿನ ಕೆಲಸ ಎಂದರೆ 50 ಕಿಲೋ ಹೊರುವುದು ಎಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಕೂಲಿ ಕಳೆದುಕೊಳ್ಳುವ ಭಯಕ್ಕೆ ಒಂದೋ ಪೂರ್ತಿ ಕೆಲಸ, ಇಲ್ಲವೋ ಪೂರ್ತಿ ಮಲಗುವುದು. ನಡುವಿನ ದಾರಿ ಇರುವುದಿಲ್ಲ. ನೋವು ತಗ್ಗಿದ ದಿನ ಬಾಕಿ ಕೆಲಸವನ್ನೆಲ್ಲ ಒಂದೇ ಏಟಿಗೆ ಮುಗಿಸಿ, ಮರುದಿನದಿಂದ ಮತ್ತೆ ನಾಲ್ಕು ದಿನ ಏಳಲಾಗದೆ ಮಲಗುವವರು ಪ್ರತಿ ಮನೆಯಲ್ಲೂ ಇದ್ದಾರೆ. ದಿನಕ್ಕಿಷ್ಟೇ ಎಂದು ಗೊತ್ತುಮಾಡಿಕೊಂಡು, ಚೆನ್ನಾಗಿರುವ ದಿನವೂ ಅದನ್ನು ಮೀರದೆ, ವಾರವಾರಕ್ಕೆ ಸ್ವಲ್ಪ ಏರಿಸುವ ಅಭ್ಯಾಸವೇ ಕಲಿಯಲು ಎಲ್ಲಕ್ಕಿಂತ ಕಷ್ಟವಾದದ್ದು.

ನಡಿಗೆಯ ಬಗ್ಗೆ ಈಗ ಒಳ್ಳೆಯ ಆಧಾರ ಇದೆ. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗಷ್ಟೇ ಸೊಂಟನೋವಿನಿಂದ ಚೇತರಿಸಿದ್ದ 701 ಜನರಿದ್ದರು. ವಾರಕ್ಕೆ ಐದು ದಿನ ಅರ್ಧ ಗಂಟೆಯವರೆಗೆ ನಡಿಗೆ ಏರಿಸುತ್ತ ಹೋದವರಲ್ಲಿ ನೋವು ಮರುಕಳಿಸಲು ಮಧ್ಯಾಂಕದ (ಮೀಡಿಯನ್) ಲೆಕ್ಕದಲ್ಲಿ 208 ದಿನ ಹಿಡಿಯಿತು, ನಡೆಯದವರಲ್ಲಿ 112 ದಿನ. ದಿನವೆಲ್ಲ ತೋಟದಲ್ಲಿ ನಡೆದೇ ಇರುತ್ತೇವಲ್ಲ ಎಂದು ಇಲ್ಲಿಯವರು ಕೇಳುತ್ತಾರೆ. ಗಿಡದಿಂದ ಗಿಡಕ್ಕೆ ಅಡ್ಡಡ್ಡ ಹೆಜ್ಜೆ ಹಾಕುವುದು, ಹೊರೆ ಹೊತ್ತು ಇಳಿಯುವುದು ಬೇರೆ, ಕೈ ಬೀಸಿ ಸಮನಾದ ದಾರಿಯಲ್ಲಿ ನಡೆಯುವುದು ಬೇರೆ. ಸಂಜೆ ಕೆಲಸ ಬಿಟ್ಟವರು ಚೀಲವಿಲ್ಲದೆ ಕಾಲು ಗಂಟೆ ಹಾಗೆ ನಡೆದರೆ ಬಿಗಿದ ಮೈ ಸಡಿಲವಾಗುತ್ತದೆ. ರೈಟರಿಗೆ, ಅಂಗಡಿಯವರಿಗೆ, ಕಾರಿನಲ್ಲೇ ತೋಟ ಸುತ್ತುವ ಬೆಳೆಗಾರರಿಗೆ ನಡಿಗೆ ಇನ್ನೂ ಅಗತ್ಯ. ಆದರೆ ಬೆಳಗಿನ ಜಾವ ವಾಕಿಂಗ್ ಹೋಗಿ ಎಂದು ಆಲ್ದೂರು, ಮೂಡಿಗೆರೆ ಕಡೆಯವರಿಗೆ ಹೇಳುವುದು ಅಪಾಯ. ತೋಟದ ದಾರಿಗಳಲ್ಲಿ ಕಾಡಾನೆಗಳಿವೆ, ಕೆಲಸಕ್ಕೆ ಹೊರಟವರ ಜೀವ ಹೋಗಿದೆ. ಬೆಳಕಾದ ಮೇಲೆ, ಗುಂಪಾಗಿ, ಊರಿನೊಳಗಿನ ರಸ್ತೆಯಲ್ಲೋ ಶಾಲೆಯ ಮೈದಾನದಲ್ಲೋ ನಡೆಯಬೇಕು.

ಮಳೆಗಾಲದ ಮಾತು ಬಂದೇ ಬರುತ್ತದೆ. ಥಂಡಿಗೆ ಸೊಂಟ ಹಿಡಿಯುತ್ತದೆ ಎಂಬುದು ಮಲೆನಾಡಿನಲ್ಲಿ ಯಾರೂ ಅನುಮಾನಿಸದ ನಂಬಿಕೆ. ಸಿಡ್ನಿಯಲ್ಲಿ 993 ರೋಗಿಗಳ ಮೇಲೆ ನಡೆದ 2014ರ ಅಧ್ಯಯನದಲ್ಲಿ ಮಳೆ, ತೇವ, ಚಳಿಗೂ ಸೊಂಟನೋವು ಶುರುವಾಗುವುದಕ್ಕೂ ನಂಟು ಕಾಣಲಿಲ್ಲ. ಸಿಡ್ನಿಯ ಮಳೆ ನಮ್ಮ ಮಲೆನಾಡಿನ ಕಳಸದ ಮಳೆಯಲ್ಲ, ಅದು ನಿಜ. ನನಗೆ ತೋರುವುದೆಂದರೆ ಜುಲೈ, ಆಗಸ್ಟಿನಲ್ಲಿ ಜನ ಒಲೆಯ ಮುಂದೆ ಮುದುಡಿ ಕೂರುತ್ತಾರೆ, ಓಡಾಟ ನಿಲ್ಲುತ್ತದೆ, ಬಿಗಿತ ಹೆಚ್ಚುತ್ತದೆ. ಬಿಸಿನೀರ ಸ್ನಾನ, ಬಿಸಿ ಕಾವು ಹಿತವೆನಿಸುವುದಾದರೆ ಮಾಡಬೇಕು, ಜೊತೆಗೆ ಜಗುಲಿಯಲ್ಲಾದರೂ ಅತ್ತಿತ್ತ ತಿರುಗಾಡಬೇಕು.

ಔಷಧಿ ಅಂಗಡಿಗಳಲ್ಲಿ ಮಾರುವ ಸೊಂಟದ ಬೆಲ್ಟಿನ ವಿಷಯ ಬೇಗ ಮುಗಿಸಬಹುದು. ಅಮೆರಿಕದ 160 ದೊಡ್ಡ ಅಂಗಡಿಗಳ ಸಾಮಾನು ಹೊರುವವರ ಮೇಲೆ ನಡೆಸಿ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಲ್ಟಿನಿಂದ ಪ್ರಯೋಜನ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯೂ ದೀರ್ಘಕಾಲದ ನೋವಿಗೆ ಬೆಲ್ಟು, ಎಳೆತದ ಚಿಕಿತ್ಸೆ, ಅಫೀಮು ಜಾತಿಯ ಮಾತ್ರೆಗಳನ್ನು ವಾಡಿಕೆಯಾಗಿ ಬಳಸಬೇಡಿ ಎನ್ನುತ್ತದೆ. ಅದು ಶಿಫಾರಸು ಮಾಡುವುದು ನೋವಿನ ಬಗ್ಗೆ ತಿಳಿವಳಿಕೆ, ಕ್ರಮಬದ್ಧ ವ್ಯಾಯಾಮ, ಮಸಾಜಿನಂಥ ಕೆಲವು ದೈಹಿಕ ಚಿಕಿತ್ಸೆ, ಮನಸ್ಸಿಗೆ ಸಂಬಂಧಿಸಿದ ಚಿಕಿತ್ಸೆ, ಬೇಕಾದರೆ ಉರಿಯೂತ ಇಳಿಸುವ ಮಾತ್ರೆ. ಆ ಮಾತ್ರೆಗಳನ್ನು ಚೀಟಿ ಇಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಎಣ್ಣೆ ಹಚ್ಚಿ ನೀವಿಸಿಕೊಳ್ಳುವುದರಿಂದ ಹಿತವಾದರೆ ತಪ್ಪಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸಿಕೊಳ್ಳುವ ರೂಢಿಯನ್ನು ಮಾತ್ರ ಕೈಬಿಡಬೇಕು. ಮುಟ್ಟು ನಿಂತ ಹೆಂಗಸರ, ವಯಸ್ಸಾದವರ ಮೂಳೆ ಟೊಳ್ಳಾಗಿದ್ದರೆ ಅದರಿಂದ ಮುರಿಯಬಹುದು.

ವ್ಯಾಯಾಮದಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ಅರ್ಥವಿಲ್ಲ, ಬಿಡದೆ ಮಾಡಬಹುದಾದದ್ದನ್ನು ಆರಿಸಿಕೊಳ್ಳಬೇಕು. ಬೆಂಗಳೂರು ಬಳಿಯ ಜಿಗಣಿಯ ಪ್ರಶಾಂತಿ ಕುಟೀರದಲ್ಲಿ ದೀರ್ಘಕಾಲದ ಸೊಂಟನೋವಿನ 80 ಮಂದಿಯನ್ನು ಒಂದು ವಾರ ಅಲ್ಲಿಯೇ ಉಳಿಸಿಕೊಂಡು ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯೋಗದ ಗುಂಪಿನವರ ಅಸಮರ್ಥತೆ ವ್ಯಾಯಾಮದ ಗುಂಪಿನವರಿಗಿಂತ ಹೆಚ್ಚು ತಗ್ಗಿತು. ಅಲ್ಲಿ ಆಸನದ ಜೊತೆ ಪ್ರಾಣಾಯಾಮ, ಧ್ಯಾನ, ಮಾತುಕತೆಯೂ ಇತ್ತು. ದಿನವಿಡೀ ಮುಂದಕ್ಕೆ ಬಗ್ಗಿ ದುಡಿದವರಿಗೆ ಸಂಜೆ ಮತ್ತೆ ಮುಂದಕ್ಕೆ ಬಗ್ಗುವ ಆಸನಗಳಿಗಿಂತ ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನದಂಥವು ಹಿತವಾಗಬಹುದು. ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ 1956ರಲ್ಲಿ ಇದನ್ನು ಆಕಸ್ಮಿಕವಾಗಿ ಕಂಡರು. ಒಂದು ತುದಿ ಎತ್ತರಿಸಿ ಬಿಟ್ಟಿದ್ದ ಮಂಚದ ಮೇಲೆ ಅವರ ರೋಗಿ ಬೋರಲು ಮಲಗಿದ್ದರು. ಬೆನ್ನು ಹಿಂದಕ್ಕೆ ಬಾಗಿತ್ತು. ಕೆಲವು ನಿಮಿಷಗಳಲ್ಲಿ ಅವರ ಕಾಲಿನ ನೋವು ಮಾಯವಾಗಿತ್ತು. ಹಾಗೆ ಬಾಗಿದಾಗ ಕಾಲಿನ ನೋವು ಮೇಲಕ್ಕೆ, ಸೊಂಟದತ್ತ ಸರಿದರೆ ಒಳ್ಳೆಯ ಗುರುತು. ಕೆಳಕ್ಕೆ, ಪಾದದತ್ತ ಇಳಿದರೆ ಅಲ್ಲಿಗೇ ನಿಲ್ಲಿಸಿ ಫಿಸಿಯೊಥೆರಪಿಸ್ಟರನ್ನು ಕಾಣಬೇಕು.

ಹಾಸಿಗೆ ಗಟ್ಟಿಯಾಗಿರಬೇಕೆಂಬ ಹಳೆಯ ನಂಬಿಕೆಯನ್ನು ಸ್ಪೇನಿನಲ್ಲಿ 313 ಜನರ ಮೇಲೆ ನಡೆದ 2003ರ ಅಧ್ಯಯನ ತಿದ್ದಿತು, ಮಧ್ಯಮ ಗಟ್ಟಿಯದೇ ಮೇಲೆಂದು ತೋರಿಸಿತು. ತೋಟದ ಆಳುಗಳ ಲೈನ್ ಮನೆಯ ಸಿಮೆಂಟು ನೆಲಕ್ಕೆ ಚಾಪೆ ಹಾಸಿ ಮಲಗುವವರು ಕೆಳಗೆ ಎರಡು ಕಂಬಳಿ ಸೇರಿಸಿ, ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ದಿಂಬಿಟ್ಟರೆ ನಿದ್ದೆ ಸುಧಾರಿಸುತ್ತದೆ. ನಿದ್ದೆಗೆಟ್ಟರೆ ಮರುದಿನ ನೋವು ಹೆಚ್ಚು, ನೋವಿದ್ದರೆ ನಿದ್ದೆ ಇಲ್ಲ. ಸಂಜೆ ನೋವು ಮರೆಯಲೆಂದು ಕುಡಿಯುವವರ ನಿದ್ದೆ ನಡುರಾತ್ರಿಗೆ ಮುರಿಯುತ್ತದೆ. ಧೂಮಪಾನ ಮಾಡುವವರಲ್ಲಿ ಸೊಂಟನೋವು ಹೆಚ್ಚು ಎಂಬುದೂ ಹಲವು ಅಧ್ಯಯನಗಳಲ್ಲಿ ಕಂಡಿದೆ. ಕೆಲಸ ಸಿಗದ ತಿಂಗಳ ಸಾಲದ ಚಿಂತೆ ಸೊಂಟಕ್ಕೆ ಇಳಿಯುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ, ಮನಸ್ಸಿಗೆ ಸಂಬಂಧಿಸಿದ ಚಿಕಿತ್ಸೆಯನ್ನು ಮಾರ್ಗಸೂಚಿಯಲ್ಲಿ ಸೇರಿಸಿರುವುದು ಇದಕ್ಕೇ.

ಅಭ್ಯಾಸ ಬದಲಿಸುತ್ತ ಕಾಯಬಾರದ, ಸ್ಕ್ಯಾನ್ ಬೇಕಾಗಬಹುದಾದ ಸಂದರ್ಭಗಳನ್ನು ಸ್ಪಷ್ಟವಾಗಿ ಹೇಳಲೇಬೇಕು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿ ಮತ್ತು ಕುಂಡಿಯ ಭಾಗ ಜೋಮು ಹಿಡಿದರೆ, ಕಾಲು ಸೋತರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮರಗಸಿ ಮಾಡುವಾಗ ಮರದಿಂದಲೋ ಮೆಣಸಿನ ಏಣಿಯಿಂದಲೋ ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆಗಿನ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರ ನೋವು, ರಾತ್ರಿ ಮಲಗಿದರೂ ಬಿಡದ ನೋವನ್ನು ಡಾಕ್ಟರು ನೋಡಬೇಕು. ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಅಪರೂಪವಲ್ಲ. ಮಂಗನ ಕಾಯಿಲೆಯ ಪ್ರದೇಶದಲ್ಲಿ ಬೇಸಿಗೆಯಲ್ಲಿ ಜ್ವರ, ಮೈಕೈ ನೋವು ಒಟ್ಟಿಗೆ ಬಂದರೆ ಸೊಂಟ ಉಳುಕಿತು ಎಂದು ಸುಮ್ಮನಿರಬಾರದು. ಯುವಕರಲ್ಲಿ ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಬಿಗಿತವಿದ್ದು ಓಡಾಡಿದ ಮೇಲೆ ತಗ್ಗುತ್ತಿದ್ದರೆ ಅದು ಬೆನ್ನುಮೂಳೆಯ ಉರಿಯೂತದ ವಾತವಿರಬಹುದು, ಅದಕ್ಕೆ ಬೇರೆಯೇ ಔಷಧವಿದೆ. ಇನ್ನು 1975ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಗುರುತಿಸಿದ ಕಾಯಿಲೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಬಡ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವ ಅದು ಸೊಂಟದ ಕೀಲು, ಬೆನ್ನುಮೂಳೆಗಳನ್ನೇ ಕೆಡಿಸುತ್ತದೆ. ಅವರಿಗೆ ಪೊರಕೆ ಬದಲಿಸಿ ಎಂದರೆ ಸಾಲದು, ಅವರಿಗೆ ಬೇಕಾದದ್ದು ಮೂಳೆ ತಜ್ಞರ ಚಿಕಿತ್ಸೆ ಮತ್ತು ಪಿಂಚಣಿ.

ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ 2025ಕ್ಕೆ ನೂರು ವರ್ಷ ತುಂಬಿತು. ಎಲೆತುಕ್ಕು, ಕಾಂಡಕೊರಕ, ಕಾಯಿಕೊರಕಗಳ ಬಗ್ಗೆ ಅಲ್ಲಿ ಕೂಡಿಬಂದಿರುವ ಜ್ಞಾನದಿಂದ ಈ ಬೆಟ್ಟಗಳ ತೋಟಗಳು ಉಳಿದಿವೆ. ಅಂಥದೇ ಗಮನ ಅಲ್ಲಿ ದುಡಿಯುವವರ ಸೊಂಟಕ್ಕೂ ಸಿಗಬೇಕು. ಮುಂದಿನ ಕುಯ್ಲಿಗೆ ಮೊದಲು ಆಲ್ದೂರು ಸುತ್ತಿನ ಒಂದೆರಡು ತೋಟಗಳಲ್ಲಿ ಅರ್ಧ ಚೀಲ, ಎದೆಮಟ್ಟದ ಕಟ್ಟೆ, ಬುಡಕ್ಕೆ ಮ್ಯಾಟು, ಭಾರ ಎತ್ತುವ ಮೊದಲು ಎಲ್ಲರಿಗೂ ಐದು ನಿಮಿಷದ ಬಿಡುವು, ಈ ನಾಲ್ಕನ್ನು ಜಾರಿಗೆ ತರಬೇಕು. ಆ ಸಂಸ್ಥೆಯವರೂ ಜಿಲ್ಲಾ ಆಸ್ಪತ್ರೆಯ ಫಿಸಿಯೊಥೆರಪಿಸ್ಟರೂ ಸೇರಿ ಲೆಕ್ಕ ಇಡಬೇಕು. ಹಂಗಾಮಿನಲ್ಲಿ ಎಷ್ಟು ಕೆಲಸದ ದಿನ ಸೊಂಟನೋವಿಗೆ ಹೋಯಿತು, ಎಷ್ಟು ಕಿಲೋ ಹಣ್ಣು ಬಂತು ಎಂಬ ಎರಡೇ ಅಂಕಿ ಸಾಕು. ಹಾಜರಿ ಪುಸ್ತಕವೂ ತೂಕದ ಪುಸ್ತಕವೂ ಎಲ್ಲ ರೈಟರ ಹತ್ತಿರ ಈಗಾಗಲೇ ಇವೆ.